ಮೇಲಿನವರ ಪಟ್ಟಿಯಲ್ಲಿ ಅಪ್ಪ

ಜನವರಿ 9

ತಮ್ಮನಿಗೆ,

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಬೈಗುಳ. ಫೋನಿನಲ್ಲೇ ಬೈಯೋಣವೆಂದರೆ ಅದಿರುವುದು ಅಮ್ಮನ ಮಂಚದ ಪಕ್ಕದಲ್ಲಿ. ಅಮ್ಮನಿಗೆ ಡಾಕ್ಟರು ಹೇಳಿದ್ದು ಕೇಳಿಸುವುದಿಲ್ಲ, ನಾನು ಪಿಸುಗುಟ್ಟಿದ್ದು ಮಾತ್ರ ಮೂರು ಗೋಡೆ ದಾಟಿಯೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಸಂಘದವರು ಗೇಟಿನ ಬಳಿ ಕಲ್ಲು ನಿಲ್ಲಿಸುತ್ತಿದ್ದಾರೆ. ಎರಡು ಕಲ್ಲು. ಒಂದರ ಮೇಲೆ ಕೆಳಗಿಳಿದು ದುಡಿದವರ ಹೆಸರು, ಇನ್ನೊಂದರ ಮೇಲೆ ಮೇಲೆಯೇ ಇದ್ದು ಕೆಲಸ ಮಾಡಿದವರ ಹೆಸರು. ಕೆತ್ತುವ ಮೊದಲು ಎಲ್ಲರೂ ನೋಡಲಿ ಎಂದು ಸಂಘದ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಔಷಧಿ ಅಂಗಡಿಯಲ್ಲಿ ಒಂದು ಗಂಟೆ ರಜೆ ಕೇಳಿ ಹೋದೆ. ಕೆಳಗಿಳಿದವರ ಪಟ್ಟಿಯ ಮೇಲೆ ಎರಡು ಸಲ ಬೆರಳಿಟ್ಟು ಓದಿದೆ. ಅಪ್ಪ ಇಲ್ಲ. ಮೇಲಿನವರ ಪಟ್ಟಿಯಲ್ಲಿ ಏಳನೆಯ ಹೆಸರು ಅಪ್ಪನದು, ಪಕ್ಕದಲ್ಲಿ ‘ದೀಪದ ಕೋಣೆ’ ಎಂದು ಬೇರೆ ಬರೆದಿದ್ದಾರೆ.

ಸಂಘದ ಗುಮಾಸ್ತನನ್ನು ಕೇಳಿದರೆ ನೀನು ಕಳಿಸಿದ ಪುಟ ತೆಗೆದು ತೋರಿಸಿದ. ‘ನನ್ನ ತಂದೆ: ಒಂದು ನೆನಪು.’ ನಿನ್ನದೇ ದುಂಡು ಅಕ್ಷರ, ಒಂದು ಕಾಟು ಇಲ್ಲ, ಒಂದು ತಪ್ಪಿಲ್ಲ. ಮಕ್ಕಳಿಂದ ಒಂದೊಂದು ಪುಟ ಬರೆಸಿಕೊಂಡರಂತೆ. ಮಕ್ಕಳು ಎಂದರೆ ಅವರ ಲೆಕ್ಕದಲ್ಲಿ ಗಂಡುಮಕ್ಕಳು. ಗೇಟಿನಿಂದ ಕಾಲು ಗಂಟೆ ದೂರದಲ್ಲಿರುವ ನನ್ನನ್ನು ಯಾರೂ ಕೇಳಲಿಲ್ಲ.

ಈಗ ಎರಡು ಸಾಲು ಬರೆದು ಅವರಿಗೆ ಕಳಿಸು. ನನ್ನ ತಂದೆ ಇಪ್ಪತ್ತೆಂಟು ವರ್ಷ ಕೆಳಗಿಳಿದು ಕೆಲಸ ಮಾಡಿದವರು, ಹಿಂದೆ ಬರೆದದ್ದು ನನ್ನ ತಪ್ಪು ಎಂದು. ಕಾರಣ ಕೇಳಬೇಡ. ಅಕ್ಕ ಹೇಳಿದಳು ಎಂದು ಮಾಡು, ಒಂದೇ ಒಂದು ಸಲ.

ಅಮ್ಮನ ಮಂಡಿನೋವು ಹಾಗೇ ಇದೆ. ಉಳಿದಂತೆ ಕ್ಷೇಮ.

ಅಕ್ಕ

~

ಜನವರಿ 17

ಅಕ್ಕನಿಗೆ,

ನಿನ್ನ ಕಾಗದ ಓದಿ ತುಂಬಾ ಬೇಜಾರಾಯಿತು. ಇಡೀ ದಿನ ಪ್ರೆಸ್ಸಿನಲ್ಲಿ ಕೂತು ಬೇರೆಯವರ ತಪ್ಪು ತಿದ್ದುವುದೇ ನನ್ನ ಹೊಟ್ಟೆಪಾಡು. ಸರಿ ಇರುವುದನ್ನು ತಪ್ಪು ಮಾಡು ಎಂದು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ, ನೀನೇ ಮೊದಲು.

ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ನನಗೆ ಆರು ವರ್ಷ. ಪಕ್ಕದ ಮನೆಯ ಮಾವ ಬೆಳಿಗ್ಗೆ ಕೆಳಗೆ ಹೋದವರು ವಾಪಸು ಬರಲಿಲ್ಲ. ಅವತ್ತಿನಿಂದ ನಾನು ಅಪ್ಪನ ಬೂಟು ಅಪ್ಪಿಕೊಂಡು ಹೊಸ್ತಿಲ ಮೇಲೆ ಕೂತೆ. ತುತ್ತು ಬಾಯಿಗಿಟ್ಟರೆ ವಾಂತಿ. ಒಂಬತ್ತನೆಯ ದಿನ ಅಪ್ಪ ನನ್ನೆದುರು ಕುಕ್ಕರುಗಾಲಲ್ಲಿ ಕೂತು ಹೇಳಿದ: “ನಾಳೆಯಿಂದ ನಾನು ಕೆಳಗೆ ಹೋಗಲ್ಲ ಕಣೋ. ದೀಪದ ಕೋಣೇಲಿ ಕೆಲಸ. ಹೋಗೋರಿಗೆ ದೀಪ ಕೊಡೋದು, ಬಂದೋರಿಂದ ಇಸ್ಕೊಳ್ಳೋದು. ಸರೀನಾ?”

ಆಮೇಲೆ ಅಪ್ಪ ಮೇಲೆಯೇ ಇದ್ದ. ನಾನೇ ಹೋಗಿ ನೋಡಿದ್ದೇನೆ. ಗೋಡೆಯುದ್ದಕ್ಕೂ ಹಲಗೆ, ಪ್ರತಿ ದೀಪಕ್ಕೂ ಒಂದು ನಂಬರು. ಸಂಜೆ ಬಿಳಿ ಅಂಗಿಯಲ್ಲಿ ಮನೆಗೆ ಬಂದರೆ ಅದರ ಮೇಲೆ ಒಂದು ಚುಕ್ಕೆ ಕಪ್ಪು ಇರುತ್ತಿರಲಿಲ್ಲ. “ಎಷ್ಟು ಹೋದವು, ಎಷ್ಟು ಬಂದವು?” ಎಂದು ಕೇಳುತ್ತಿದ್ದೆ. “ಇನ್ನೂರ ಹನ್ನೆರಡು ಹೋದವು, ಇನ್ನೂರ ಹನ್ನೆರಡೂ ಬಂದವು” ಎನ್ನುತ್ತಿದ್ದ. ಆಗ ನಾನು ಊಟಕ್ಕೆ ಕೂರುತ್ತಿದ್ದೆ.

ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಕೆಳಗಿಳಿದವರ ಕಲ್ಲು ದೊಡ್ಡದು, ಹೂವು ಬೀಳುವುದು ಅದರ ಮೇಲೆ. ದೀಪ ಕೊಡುವವನ ಮಗಳು ಅನ್ನಿಸಿಕೊಳ್ಳಲು ನಿನಗೆ ನಾಚಿಕೆ. ನನಗಿಲ್ಲ. ನನಗೋಸ್ಕರ ಒಬ್ಬ ಮನುಷ್ಯ ದೊಡ್ಡ ಕೆಲಸ ಬಿಟ್ಟು ಚಿಕ್ಕ ಕೆಲಸಕ್ಕೆ ಬಂದ. ಅದನ್ನು ಅಳಿಸಿ ಅವನನ್ನು ವೀರ ಮಾಡುವುದು ನನ್ನಿಂದ ಆಗುವುದಿಲ್ಲ. ನೀನು ಮೊದಲಿಂದಲೂ ಹೀಗೆಯೇ. ವರ್ಷಗಟ್ಟಲೆ ಹೊಲಿಗೆ ಕ್ಲಾಸಿಗೆಂದು ಹೋಗಿ ಒಂದು ಗುಂಡಿ ಹಾಕಲು ಕಲಿಯಲಿಲ್ಲ, ಕೇಳಿದರೆ ಮುಖ ತಿರುಗಿಸುತ್ತಿದ್ದೆ.

ಅಮ್ಮನಿಗೆ ಮುಲಾಮು ಕಳಿಸಿದ್ದೇನೆ.

ತಮ್ಮ

~

ಜನವರಿ 24

ತಮ್ಮನಿಗೆ,

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕೇಳಿದ್ದೆ. ನೀನು ಮೊಲವನ್ನು ನೋಡದೆಯೇ ಮೂರು ಎನ್ನುತ್ತೀಯ.

ಹೊಲಿಗೆ ಕ್ಲಾಸಿನ ಮಾತು ಎತ್ತಬಾರದಿತ್ತು. ಆ ಸಾಲು ಓದಿ ಕಾಗದ ಮಡಿಸಿಟ್ಟು, ಎರಡು ದಿನ ಬಿಟ್ಟು ಮತ್ತೆ ತೆಗೆದೆ.

ಗುಮಾಸ್ತನ ಹತ್ತಿರ ಮೂರು ಸಲ ಹೋಗಿ ಬಂದೆ. ಮೊದಲನೆಯ ಸಲ ಅವನು ಊಟಕ್ಕೆ ಹೋಗಿದ್ದ. ಎರಡನೆಯ ಸಲ ಬೀಗದ ಕೈ ಇರಲಿಲ್ಲ. ಮೂರನೆಯ ಸಲ ಬೀಗದ ಕೈ ಸಿಕ್ಕಿತು, ಬೀರು ತೆಗೆದರೆ ಹಳೆಯ ಹಾಜರಿ ಪುಸ್ತಕಗಳೆಲ್ಲ ಸೋರಿದ ನೀರಿನಲ್ಲಿ ನೆನೆದು ಒಂದೇ ಇಟ್ಟಿಗೆಯಂತೆ ಅಂಟಿಕೊಂಡಿವೆ. “ನೋಡಿ ತಾಯಿ, ಮಗ ಒಂದು ಬರೆದುಕೊಟ್ಟಿದಾರೆ, ಮಗಳು ಒಂದು ಹೇಳ್ತೀರಿ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಯಾವ ಕಡೆ ಹೋಗ್ಲಿ?” ಎಂದ. ಬರೆದುಕೊಟ್ಟವರೇ ತಿದ್ದಿ ಬರೆಯಬೇಕಂತೆ. ಕೆತ್ತುವವನು ಮಾರ್ಚ್ ಮೂರಕ್ಕೆ ಬರುತ್ತಾನೆ.

ನಿನಗೆ ಗೊತ್ತಿಲ್ಲದ ಸಂಗತಿಗಳಿವೆ. ನಾನು ಹೇಳುವ ಹಾಗಿಲ್ಲ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅಪ್ಪನ ಬಗ್ಗೆ ನಾಚಿಕೆಪಡುವವಳು ನಾನಲ್ಲ ಎಂದಷ್ಟೇ ತಿಳಿದುಕೊಂಡು ಆ ಎರಡು ಸಾಲು ಬರೆ. ನಿನ್ನ ಕೈ ಸವೆಯುವುದಿಲ್ಲ.

ಅಕ್ಕ

~

ಫೆಬ್ರುವರಿ 1

ಅಕ್ಕನಿಗೆ,

ಹೇಳುವ ಹಾಗಿಲ್ಲದ ಸಂಗತಿಯನ್ನು ನಂಬಿ ಸಹಿ ಹಾಕು ಎನ್ನುತ್ತೀಯ. ಇದು ಯಾವ ನ್ಯಾಯ?

ನೀನು ಗುಮಾಸ್ತರ ತಲೆ ತಿನ್ನುತ್ತಿರುವುದು ನೋಡಿ ನಾನೇ ಅವರಿಗೆ ಇನ್ನೊಂದು ಕಾಗದ ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ದೀಪದ ಕೋಣೆ ಹೇಗಿತ್ತು, ಹಲಗೆಗಳು ಎಷ್ಟು, ಅಪ್ಪ ದಿನಾ ಹೇಳುತ್ತಿದ್ದ ಸಂಖ್ಯೆ, ಎಲ್ಲ ವಿವರವಾಗಿ ಬರೆದಿದ್ದೇನೆ. ಬೇಕಾದರೆ ಅಪ್ಪನ ಕೈಕೆಳಗೆ ಕೆಲಸ ಮಾಡುತ್ತಿದ್ದ ದೀಪದ ಮಾವನನ್ನೇ ಕೇಳಿ ಎಂದೂ ಸೇರಿಸಿದ್ದೇನೆ. ಅವರು ಇನ್ನೂ ಇದ್ದಾರಲ್ಲ, ಕೇಳಲಿ.

ಅಪ್ಪನ ಎದೆ ಹಾಳಾದದ್ದು ದೀಪದ ಬ್ಯಾಟರಿಗಳ ಆಸಿಡ್ ಹೊಗೆಯಿಂದ. ಅದನ್ನೂ ಬರೆದೆ. ಮೇಲಿದ್ದವರೂ ಸತ್ತಿದ್ದಾರೆ ಎಂದು ಆ ಕಲ್ಲು ನೋಡುವವರಿಗೆ ಗೊತ್ತಾಗಲಿ.

ತಮ್ಮ

~

ಫೆಬ್ರುವರಿ 6

ತಮ್ಮನಿಗೆ,

ಸಾಕು. ಅಮ್ಮನಿಗೆ ಕೊಟ್ಟ ಮಾತು ಇವತ್ತಿಗೆ ಮುರಿಯಿತು. ಪಾಪ ಬಂದರೆ ಅರ್ಧ ನಿನಗೂ ಬರಲಿ.

ಅಪ್ಪ ದೀಪದ ಕೋಣೆಯಲ್ಲಿ ಕೆಲಸ ಮಾಡಿದ್ದು ನಲವತ್ತು ದಿನ. ದೀಪದ ಮಾವ ಕೈ ಮುರಿದುಕೊಂಡು ಮಲಗಿದ್ದರು, ಅಪ್ಪ ಮ್ಯಾನೇಜರನ ಕಾಲು ಹಿಡಿದು ಆ ಜಾಗ ಕೇಳಿ ತೆಗೆದುಕೊಂಡ. ನಿನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಆಗಲೇ. ನಲವತ್ತೊಂದನೆಯ ದಿನ ಮಾವ ಬಂದರು, ಅಪ್ಪನನ್ನು ಮತ್ತೆ ಕೆಳಗೆ ಕಳಿಸಿದರು. ನೀನು ಆಗಷ್ಟೇ ಎರಡು ತುತ್ತು ಉಣ್ಣಲು ಶುರುಮಾಡಿದ್ದೆ. ಕೈ ಕಾಲು ಕಡ್ಡಿಯಾಗಿದ್ದವು. ಅಪ್ಪ ಅಡುಗೆಮನೆಯಲ್ಲಿ ಅಮ್ಮನಿಗೂ ನನಗೂ ಹೇಳಿದ: “ಅವನು ಕೇಳಿದ್ರೆ ನಾನು ಮೇಲೆ ಇದೀನಿ. ಯಾರೂ ಬಾಯಿ ಬಿಡಬಾರದು.”

ಅಲ್ಲಿಂದ ಎದೆ ಕೆಟ್ಟು ಕೆಲಸ ಬಿಡುವವರೆಗೆ ಹನ್ನೊಂದು ವರ್ಷ ಅಪ್ಪ ಕೆಳಗಿಳಿದ, ಹಿಂದಿನ ಹದಿನೇಳು ಸೇರಿಸಿದರೆ ಇಪ್ಪತ್ತೆಂಟು. ಮೇಲಿನ ಕಲ್ಲು ಬೀಳದಂತೆ ಮರದ ಕಂಬ ಕೊಡುವ ಕೆಲಸ, ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುವವನ ಕೆಲಸ. ಜನ ಅವನನ್ನು ಕಂಬದಣ್ಣ ಎನ್ನುತ್ತಿದ್ದದ್ದು ಎತ್ತರಕ್ಕೆ ಎಂದುಕೊಂಡಿದ್ದೆಯಲ್ಲ, ಅದಕ್ಕಲ್ಲ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ನಿನ್ನೆದುರು ಹೊರಡುತ್ತಿದ್ದ, ದೀಪದ ಮಾವನ ಮನೆಗೆ ಹೋಗಿ ಗಣಿಯ ಬಟ್ಟೆ ಹಾಕಿಕೊಳ್ಳುತ್ತಿದ್ದ. ಪಾಳಿ ಮುಗಿದ ಮೇಲೆ ಅವರ ಬಚ್ಚಲಲ್ಲಿ ಮೂರು ಸಲ ಸೋಪು ಹಚ್ಚಿ ತಿಕ್ಕಿಕೊಳ್ಳುತ್ತಿದ್ದ. ಉಗುರಿಗೆ ಬ್ರಷ್ಷು. ಕಲ್ಲಿದ್ದಲ ಪುಡಿ ರೆಪ್ಪೆಯಂಚಿನಲ್ಲಿ ಕಾಡಿಗೆಯ ಹಾಗೆ ಕೂತುಬಿಡುತ್ತದೆ, ಅದಕ್ಕೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚುಂಗು. ಬೇರೆಯವರ ಅಪ್ಪಂದಿರು ನಾಲ್ಕಕ್ಕೆ ಮನೆಗೆ ಬಂದರೆ ನಮ್ಮಪ್ಪ ಐದೂಕಾಲಿಗೆ ಬರುತ್ತಿದ್ದದ್ದು ಇದಕ್ಕೆ. ಹೊರಡುವ ಮೊದಲು ಮಾವನನ್ನು ಕೇಳುತ್ತಿದ್ದ, ಇವತ್ತು ಎಷ್ಟು ಹೋದವು, ಎಷ್ಟು ಬಂದವು ಎಂದು. ನಿನಗೆ ಹೇಳಿದ ಸಂಖ್ಯೆ ಒಂದು ದಿನವೂ ಸುಳ್ಳಲ್ಲ. ಆ ಇನ್ನೂರ ಹನ್ನೆರಡರಲ್ಲಿ ಒಂದು ದೀಪ ಅಪ್ಪನದು.

ಈಗ ಹೊಲಿಗೆ ಕ್ಲಾಸು. ಆ ಬಟ್ಟೆ ಒಗೆಯುವವರು ಯಾರು ಎಂದುಕೊಂಡೆ? ಮನೆಯ ಹಗ್ಗದ ಮೇಲೆ ಒಣಗಿಸಿದರೆ ನೀನು ನೋಡುತ್ತೀಯ. ಅಮ್ಮ ಹೋದರೆ ಎಲ್ಲಿಗೆ ಎಂದು ಹಿಂದೆಯೇ ಬರುತ್ತೀಯ. ನನಗೆ ಹನ್ನೊಂದು ವರ್ಷ. ಶಾಲೆ ಬಿಟ್ಟ ಮೇಲೆ ದೀಪದ ಮಾವನ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮುಂದೆ ನಿಲ್ಲುತ್ತಿದ್ದೆ. ನಾಲ್ಕು ಬಕೆಟ್ಟು ನೀರು ಹಾಕಿದರೂ ಕರಿ ಬಿಡುತ್ತಿರಲಿಲ್ಲ. ಅತ್ತೆ ಸೋಪಿನ ಮೇಲೊಂದು ಕಣ್ಣು, ನನ್ನ ಮೇಲೊಂದು ಕಣ್ಣು ಇಟ್ಟು ಬಾಗಿಲಲ್ಲಿ ಕೂರುತ್ತಿದ್ದರು. ಕೈ ಒಡೆದು ಪರೀಕ್ಷೆಯಲ್ಲಿ ಪೆನ್ನು ಹಿಡಿಯಲಾಗದೆ ಅತ್ತಿದ್ದೇನೆ. ಮನೆಗೆ ಬಂದರೆ ನೀನು ಕೇಳುತ್ತಿದ್ದೆ, “ಅಕ್ಕಾ, ಇವತ್ತು ಏನು ಹೊಲಿದೆ?” ಎಂದು.

ಇಡೀ ಬೀದಿಗೆ ಗೊತ್ತಿತ್ತು. ಶಾಲೆಯಲ್ಲಿ ಒಬ್ಬ ಹುಡುಗ ನಿಮ್ಮಪ್ಪ ಕೆಳಗಿಳಿಯುತ್ತಾನೆ ಎಂದಾಗ ನೀನು ಅವನ ಮೂಗಿಗೆ ಗುದ್ದಿ ಬಂದೆ. ಭಾನುವಾರ ಅಪ್ಪ ನಿನ್ನನ್ನು ಮತ್ತೆ ದೀಪದ ಕೋಣೆಗೆ ಕರೆದುಕೊಂಡು ಹೋದ. ಮಾವ ಎದ್ದು ನಿಂತು “ಬನ್ನಿ ಸಾಹೇಬ್ರೇ” ಎಂದರಲ್ಲ, ಅದನ್ನು ಹಿಂದಿನ ದಿನ ಅಪ್ಪ ಹೇಳಿಕೊಟ್ಟಿದ್ದು. ನೀನು ಆ ಸಾಹೇಬ್ರೇ ಎಂಬುದನ್ನು ಇವತ್ತಿಗೂ ಹಿಡಿದುಕೊಂಡು ಸಂಘಕ್ಕೆ ರಿಜಿಸ್ಟರ್ ಕಾಗದ ಬರೆಯುತ್ತೀಯ.

ಆ ಕಾಗದ ನಿನ್ನೆ ಬಂತು. ಗುಮಾಸ್ತ ನನ್ನನ್ನೂ ಕರೆದುಕೊಂಡು ದೀಪದ ಮಾವನ ಮನೆಗೆ ಹೋದ. ಮಾವನಿಗೆ ಎಂಬತ್ತು ದಾಟಿದೆ. “ಕಂಬದಣ್ಣ ಎಲ್ಲಿ ಕೆಲಸ ಮಾಡ್ತಿದ್ರು ಹೇಳಿ” ಎಂದರೆ ಅವರು ನೆಟ್ಟಗೆ ಕೂತು, “ದೀಪದ ಕೋಣೇಲಿ. ನನ್ನ ಮೇಲಿನವರು” ಎಂದುಬಿಟ್ಟರು! ಮಾವ, ನಾನು ಕೇಳುತ್ತಿದ್ದೇನೆ, ಈಗ ಹೇಳಬಹುದು ಎಂದೆ. ಅವರು ನನ್ನ ಕಡೆ ಕಣ್ಣು ಮಿಟುಕಿಸಿ, “ಹುಡುಗನಿಗೆ ಗೊತ್ತಾಗಬಾರದಲ್ಲಮ್ಮ” ಎಂದು ಪಿಸುಗುಟ್ಟಿದರು. ಗುಮಾಸ್ತ ಮೊದಲನೆಯದನ್ನು ಬರೆದುಕೊಂಡ, ಎರಡನೆಯದು ಅವನಿಗೆ ಕೇಳಿಸಲಿಲ್ಲ. ದಾರಿಯುದ್ದಕ್ಕೂ ನನಗೆ ನಗಬೇಕೋ ಕಲ್ಲು ತೆಗೆದು ಯಾರ ಮೇಲಾದರೂ ಎಸೆಯಬೇಕೋ ತಿಳಿಯಲಿಲ್ಲ.

ಆಸಿಡ್ ಹೊಗೆಯಂತೆ. ಅಪ್ಪನ ಎದೆಯಲ್ಲಿದ್ದದ್ದು ಕಲ್ಲಿದ್ದಲ ಪುಡಿ. ಊರವರ ತಪ್ಪೆಲ್ಲ ಕಾಣುವವನಿಗೆ ಮನೆಯೊಳಗಿನದು ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳಲಿಲ್ಲ ಹಿರಿಯರು.

ಬರೆ. ಈಗಲಾದರೂ ಬರೆ.

ಅಕ್ಕ

~

ಫೆಬ್ರುವರಿ 20

ತಮ್ಮನಿಗೆ,

ಹದಿನಾಲ್ಕು ದಿನವಾಯಿತು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಸಣ್ಣ ಕಲ್ಲಿನ ಕೆಲಸ ಬೇಗ ಮುಗಿಸೋಣವೆಂದು ಕೆತ್ತುವವನು ಮೊದಲೇ ಬಂದಿದ್ದಾನೆ. ಮೇಲಿನವರ ಹೆಸರು ನಿನ್ನೆ ಕೆತ್ತಿಯೂ ಆಯಿತು. ಅಪ್ಪನದು ಏಳನೆಯದು, ಅಕ್ಷರ ಚೆನ್ನಾಗಿ ಬಂದಿದೆ. ದೊಡ್ಡ ಕಲ್ಲು ಮಾರ್ಚ್ ಮೂರಕ್ಕೇ. ಇನ್ನು ನಿನ್ನಿಷ್ಟ.

ಅಕ್ಕ

~

ಫೆಬ್ರುವರಿ 27

ಅಕ್ಕನಿಗೆ,

ಸಂಘಕ್ಕೆ ಬರೆದ ಕಾಗದ ಇದರ ಜೊತೆಯಲ್ಲೇ ಇದೆ. ಕೈಯಾರೆ ಕೊಡು. ನೀನು ಹೇಳಿದ ಎರಡು ಸಾಲು ಹಾಗೆಯೇ ಇವೆ. ಐದು ಸಲ ಹರಿದು ಹಾಕಿ ಬರೆದದ್ದು.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆರು ವರ್ಷದವನಿಗೆ ಸುಳ್ಳು ಹೇಳಿದ್ದು ಸರಿ. ಹದಿನಾರಕ್ಕೆ ಯಾಕೆ? ಮೂವತ್ತಕ್ಕೆ ಯಾಕೆ? ನಾನು ಓದಲು ಹೋಗಿ ರಜೆಗೆ ಬಂದಾಗಲೂ ಆ ಬಿಳಿ ಅಂಗಿ ಯಾಕೆ? ಅಪ್ಪ ಹಾಸಿಗೆ ಹಿಡಿದಾಗ ಬಂದು ಹತ್ತು ದಿನ ಪಕ್ಕದಲ್ಲಿ ಕೂತಿದ್ದೆ. ಮೂರು ಜನ ಇದ್ದಿರಿ, ಒಬ್ಬರಿಗಾದರೂ ಬಾಯಿ ಬರಲಿಲ್ಲ. ನನ್ನನ್ನು ಕಡೆಯವರೆಗೂ ಹೊಸ್ತಿಲ ಮೇಲೆಯೇ ಕೂರಿಸಿಬಿಟ್ಟಿರಿ. ನನ್ನ ಬಾಲ್ಯದಲ್ಲಿ ಯಾವುದು ನಿಜ ಎಂದು ಈಗ ಒಂದೊಂದನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ.

ನೀನು ಬೇಕೆಂದೇ ಬರೆಯದೆ ಬಿಟ್ಟ ಒಂದು ವಿಷಯವಿದೆ. ನಿನಗೆ ನೆನಪಿಲ್ಲದೆ ಇಲ್ಲ, ನೀನು ಆಗ ಬಡಿಸುತ್ತಿದ್ದೆ. ಗಣಿಯಲ್ಲಿ ಮುಷ್ಕರ ನಡೆಯುತ್ತಿತ್ತು, ನನಗೆ ಹದಿನಾರು. ಒಳ್ಳೆಯ ಮರ ಕೊಡುವವರೆಗೆ ಕೆಳಗಿಳಿಯುವುದಿಲ್ಲ ಎಂದು ಜನ ಕೂತಿದ್ದರು. ಅಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅಂದೆ: “ನೀನು ಸುಮ್ನಿರಪ್ಪ. ಕೆಳಗೆ ಸಾಯೋರು ಬೇರೆ, ದೀಪ ಹಂಚಿ ಮನೆಗೆ ಬರೋರು ಬೇರೆ. ನಿನಗೇನು ಗೊತ್ತು ಕಂಬದ ವಿಷಯ?”

ಅಪ್ಪ ನೀರು ಕೇಳಿ ಕುಡಿದ. ನೀನು ಪಾತ್ರೆ ಕುಕ್ಕಿ ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅಪ್ಪನೂ ಎದ್ದು ಹೋದ. ನಾನು ಗೆದ್ದೆ ಎಂದುಕೊಂಡು ಊಟ ಮುಗಿಸಿದೆ.

ನಿನ್ನ ಕಾಗದ ಬಂದಾಗಿನಿಂದ ತಟ್ಟೆಯ ಮುಂದೆ ಕೂತರೆ ಆ ಊಟವೇ ಎದುರಿಗೆ ಬರುತ್ತದೆ. ಹಿತ್ತಲಲ್ಲಿ ಅಪ್ಪ ಅತ್ತನಾ? ಅತ್ತಿದ್ದರೆ ಅತ್ತ ಎಂದೇ ಬರೆ. ಇನ್ನೊಂದು ಸುಳ್ಳು ನನಗೆ ಬೇಡ.

ತಮ್ಮ

~

ಮಾರ್ಚ್ 6

ತಮ್ಮನಿಗೆ,

ಅಪ್ಪ ಅಳಲಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ನಿನಗೆ ಸಮಾಧಾನ ಮಾಡುವ ಮನಸ್ಸೂ ನನಗಿಲ್ಲ. ಇವತ್ತೇ ಅವನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ನಾನು ಹಿತ್ತಲಲ್ಲಿ ಕುದಿಯುತ್ತ ನಿಂತಿದ್ದೆ. ಅಪ್ಪ ಬಂದು ನನ್ನ ತೋಳು ಹಿಡಿದುಕೊಂಡ. ಮುಖ ನೋಡಿದರೆ ಪರೀಕ್ಷೆ ಪಾಸಾದವನ ಮುಖ. “ನೋಡಿದ್ಯಾ? ಇನ್ನೂ ನಂಬಿದಾನೆ! ಹತ್ತು ವರ್ಷ ಆಯ್ತು, ಒಂದು ಚೂರೂ ಅನುಮಾನ ಬಂದಿಲ್ಲ” ಎಂದ. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕೂತು, “ಆದ್ರೂ ಹಂಗೆ ಅನ್ನಬಾರದಿತ್ತು ನೋಡು” ಎಂದ. ಎರಡೂ ಅದೇ ಮನುಷ್ಯ, ಅದೇ ಐದು ನಿಮಿಷದಲ್ಲಿ. ಅವನಿಗೆ ನೋವಾಗಲಿಲ್ಲ ಎಂದು ನಾನು ಬರೆಯುವುದಿಲ್ಲ. ಆ ಮಾತಿಗೆ ನಿನ್ನನ್ನು ಕ್ಷಮಿಸದೆ ಇದ್ದವಳು ನಾನು, ಅಪ್ಪನಲ್ಲ.

ಇನ್ನು ಕಲ್ಲಿನ ವಿಷಯ. ನಿನ್ನ ಕಾಗದ ಮೂರನೆಯ ತಾರೀಕು ಬೆಳಿಗ್ಗೆ ಬಂತು. ಅಂಗಡಿಗೆ ರಜೆ ಹೇಳಲೂ ನಿಲ್ಲದೆ ಹೊರಟೆ. ಬೇಡವೆಂದರೂ ಅಮ್ಮ ಕೋಲೂರಿಕೊಂಡು ಹಿಂದೆ ಬಂದಳು. ನಿನಗೆ ಎಲ್ಲ ತಿಳಿಸಿದ್ದೇನೆಂದು ದಾರಿಯಲ್ಲಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. “ಊಟ ಮಾಡ್ತಿದಾನಂತಾ?” ಎಂದು ಕೇಳಿದಳು, ಅಷ್ಟೇ.

ಗುಮಾಸ್ತ ನಿನ್ನ ಸಹಿಯನ್ನು ಹಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿ, ಸರಿ ಎಂದ. ಸಂಜೆಯೊಳಗೆ ಅಪ್ಪನ ಹೆಸರು ದೊಡ್ಡ ಕಲ್ಲಿನ ಮೇಲೆ ಬಂತು. ಕೊನೆಯ ಸಾಲು, ಆದರೆ ಬಂತು. ಬೆರಳಿಟ್ಟು ಎರಡು ಸಲ ಓದಿದೆ.

ಆಮೇಲೆ ಕೆತ್ತುವವನು ಉಳಿ ಸುತ್ತಿಗೆ ತೆಗೆದುಕೊಂಡು ಸಣ್ಣ ಕಲ್ಲಿನ ಕಡೆ ಹೋದ, ಏಳನೆಯ ಹೆಸರು ಕೊರೆದು ಸಪಾಟು ಮಾಡಲು. ನಾನೇ ಹೇಳಿದ್ದು. ಎಷ್ಟು ದಿನದಿಂದ ಕಾಯುತ್ತಿದ್ದೆ ಅದನ್ನು ನೋಡಲು, ನಿನಗೆ ಗೊತ್ತಲ್ಲ. ಅವನು ಉಳಿ ಇಟ್ಟಿದ್ದ ಅಷ್ಟೇ, ಅಮ್ಮ ಹೋಗಿ ಆ ಹೆಸರಿನ ಮೇಲೆ ಅಂಗೈ ಇಟ್ಟುಬಿಟ್ಟಳು.

“ಇದು ಇರಲಿ ಕಣಪ್ಪ. ಇದನ್ನ ಮುಟ್ಟಬೇಡ.”

ನನಗೆ ಮೈಯೆಲ್ಲ ಉರಿದುಹೋಯಿತು. ಇದು ಸುಳ್ಳಮ್ಮ, ಇದನ್ನು ಅಳಿಸಲಿಕ್ಕೇ ನಾನು ಸತ್ತು ಸುಣ್ಣವಾದದ್ದು ಎಂದು ಜನರೆದುರೇ ಕೂಗಿದೆ. ಅಮ್ಮ ಕೈ ತೆಗೆಯಲಿಲ್ಲ.

ಗುಮಾಸ್ತ ತಾಳ್ಮೆಯಿಂದಲೇ ಹೇಳಿದ: “ಅಮ್ಮಾ, ಒಬ್ಬರು ಎರಡು ಕಡೆ ಇರೋಕಾಗಲ್ಲ.”

“ಹನ್ನೊಂದು ವರ್ಷ ಇದ್ರಲ್ಲ” ಎಂದಳು ಅಮ್ಮ.

ಕೆತ್ತುವವನು ನನ್ನ ಮುಖ ನೋಡಿದ. ಗುಮಾಸ್ತನೂ ನೋಡಿದ. ಎರಡು ತಿಂಗಳು ಅವನ ಮೇಜು ಬಡಿದವಳು ನಾನು. ನಾನು ಹೇಳಿದರೆ ಕೆತ್ತುವವನು ಕೊರೆಯುತ್ತಿದ್ದ, ಅಮ್ಮನ ಕೈಯನ್ನು ಮೆಲ್ಲಗೆ ಸರಿಸಿಯಾದರೂ. ಬಾಯಿ ತೆರೆದೆ. ಉಳಿ ಚೀಲದೊಳಗೆ ಇಡಪ್ಪ ಎಂದೆ.

ಅಕ್ಕ